ನೆಂಟರ ಗಾಡಿ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಇದು ಅವರ ಬಾಯಿಂದ ಬರಬೇಕಾದ ಮಾತು. ಅವರು ಹೊರಗಿನವರಿಗೆ ಹೇಳುವುದಿಲ್ಲ. ಕೇಳಿದರೆ ಬೇರೆ ಮಾತು ತೆಗೆಯುತ್ತಾರೆ. ಹಾಗೆಂದು ಕಿವಿಯಲ್ಲಿ ಕೇಳಿದವರು ಅದನ್ನು ಬರೆದಿಡಬಹುದೇ ಎಂದು ಯೋಚಿಸಿ ಎಷ್ಟೋ ಸಲ ಪೆನ್ನು ಕೆಳಗಿಟ್ಟದ್ದಾಗಿದೆ. ಎಲ್ಲಿಯಾದರೂ ತಪ್ಪಿದರೆ, ಯಾರ ಮನಸ್ಸಿಗಾದರೂ ನೋವಾದರೆ, ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಬೇಕು.

ಹೆದ್ದಾರಿ ಇಳಿಜಾರಿಗೆ ಬೀಳುವ ತುದಿಯಲ್ಲಿ ಭಾರಿ ವಾಹನಗಳ ತಪಾಸಣೆಯ ಠಾಣೆ ಇತ್ತು. ಠಾಣೆ ಎಂದರೆ ದೊಡ್ಡದೇನಲ್ಲ. ತಗಡಿನ ಮಾಡಿನ ಒಂದು ಕೋಣೆ, ಮುಂದೆ ನೆರಳಿಗೊಂದು ಚಪ್ಪರ, ಚಪ್ಪರದ ಅಡಿ ಒಂದು ಮೇಜು. ಅದರಾಚೆ ಕಾಂಕ್ರೀಟಿನ ಅಂಗಳದಲ್ಲಿ ಎರಡು ಕಪ್ಪು ತೂಕದ ಹಲಗೆಗಳು. ಲಾರಿ ಬಸವನಹುಳುವಿನ ಹಾಗೆ ತೆವಳಿ ಬಂದು, ಒಂದೊಂದೇ ಅಚ್ಚಿನ ಎರಡೂ ಕಡೆಯ ಚಕ್ರಗಳನ್ನು ಆ ಹಲಗೆಗಳ ಮೇಲೆ ಇಡಬೇಕು. ಹಲಗೆಯಿಂದ ಹೊರಟ ವಯರು ಒಂದು ಪುಟ್ಟ ಪೆಟ್ಟಿಗೆಗೆ ಹೋಗುತ್ತದೆ, ಪೆಟ್ಟಿಗೆಯ ಪರದೆಯ ಮೇಲೆ ತೂಕ ಬರುತ್ತದೆ. ಮಿತಿಗಿಂತ ಹೆಚ್ಚಿದ್ದರೆ ಹೆಚ್ಚಿದ್ದಷ್ಟನ್ನೂ ಅಲ್ಲೇ ಇಳಿಸಬೇಕು. ಇಳಿಸಿ, ಮತ್ತೆ ತೂಗಿಸಿ, ಚೀಟಿ ಪಡೆದ ಮೇಲೇ ಇಳಿಜಾರಿಗೆ ಗಾಲಿ ಇಡಬೇಕು.

ಹೀಗೇಕೆ ಎಂದು ಹೊಸ ಚಾಲಕರು ವಾದಕ್ಕೆ ನಿಂತರೆ, ಅವರನ್ನು ಕೋಣೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಸುಮ್ಮನೆ ನಿಲ್ಲಿಸುತ್ತಿದ್ದರು. ಇಳಿಜಾರಿನಲ್ಲಿ ಉರುಳಿದ ಗಾಡಿಗಳನ್ನು ಎಳೆದು ತಂದು ಹಾಕಿದ್ದು ಅಲ್ಲಿ. ಕಾಗದ ಮುದುಡಿದ ಹಾಗೆ ಮುದುಡಿದ ಮುಂಭಾಗಗಳು. ಒಂದರಲ್ಲಿ ಬಿಸಿಲು ತಡೆಯುವ ಪಟ್ಟಿಗೆ ಸಿಕ್ಕಿಸಿದ ಬಾಚಣಿಗೆ ಇನ್ನೂ ಹಾಗೇ ಇತ್ತು. ಅದನ್ನು ನೋಡಿದವರು ತಾವೇ ಹೋಗಿ ಸರಕಿನ ಹಗ್ಗ ಬಿಚ್ಚುತ್ತಿದ್ದರು.

ಠಾಣೆಯ ಮುಖ್ಯ ತಪಾಸಕಿಯನ್ನು ಆ ರಸ್ತೆಯ ಚಾಲಕರೆಲ್ಲ ತಕ್ಕಡಿಯಮ್ಮ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವಳಿಗೂ ಅದು ಗೊತ್ತಿತ್ತು. ಚಕ್ರವನ್ನು ಹಲಗೆಯ ಅಂಚಿಗೆ ತಂದು ಅರ್ಧ ನೆಲದ ಮೇಲೆ ನಿಲ್ಲಿಸುವವರು, ಬ್ರೇಕನ್ನು ಒಂದು ಥರ ಹಿಡಿದು ಭಾರವನ್ನು ಮುಂದಕ್ಕೆ ವಾಲಿಸುವವರು, ಎಲ್ಲರ ಆಟವನ್ನೂ ಅವಳು ಕಂಡಿದ್ದಳು. ಒಬ್ಬ ಮಹಾಶಯ, "ಹೆಚ್ಚಿರೋದು ಸರಕಲ್ಲ ಮೇಡಂ, ಒಳಗೆ ನನ್ನ ಹೆಂಡ್ತಿ ಕೂತಿದಾಳೆ" ಅಂದಿದ್ದ. ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇಳೀತೀನಿ, ಆಮೇಲೂ ಹೆಚ್ಚಿದ್ರೆ ಇವರ ಬಾಯನ್ನೂ ಇಳಿಸಿ ತೂಗಿ" ಎಂದಿದ್ದಳು.

ಚೀಟಿಗೆ ಸಹಿ ಹಾಕುವ ಮುಂಚೆ ತಕ್ಕಡಿಯಮ್ಮ ಲಾರಿಯನ್ನು ಒಂದು ಸುತ್ತು ಹಾಕದೆ ಬಿಟ್ಟವಳಲ್ಲ. ಕೈಯಲ್ಲಿ ಗೇಣುದ್ದದ ಸರಳು. ಅದರಿಂದ ಟೈರು ತಟ್ಟಿ ಸದ್ದು ಕೇಳುವಳು, ಸರಕು ಬಿಗಿದ ಪಟ್ಟಿಗಳನ್ನು ಜಗ್ಗುವಳು, ಕೊನೆಗೆ ಹಿಂದೆ ದೂರ ನಿಂತು, ಗೋಡೆಗೆ ಚಿತ್ರ ತೂಗುಹಾಕಿದವರು ಅದು ನೆಟ್ಟಗಿದೆಯೇ ಎಂದು ನೋಡುವ ಹಾಗೆ, ಒಂದು ಕಣ್ಣು ಮುಚ್ಚಿ ನೋಡುವಳು. ಆದರೂ ಮನೆಗೆ ಹೋದ ಮೇಲೆ ಸಮಾಧಾನವಿರುತ್ತಿರಲಿಲ್ಲ. ಆ ಹಾಲಿನ ಟ್ಯಾಂಕರಿನ ಹಿಂದಿನ ಚಕ್ರದ ಬೋಲ್ಟು ನೋಡಿದೆನೋ ಇಲ್ಲವೋ ಎಂದು ಊಟದ ಮಧ್ಯೆ ಕೈ ನಿಲ್ಲುತ್ತಿತ್ತು. ಹಗಲು ಅಂಗಡಿಯಲ್ಲಿ ದುಡಿದು, ಸಂಜೆ ತರಗತಿಯಲ್ಲಿ ಓದಿ ಹಿಡಿದ ಕೆಲಸ ಅದು. ಎಲ್ಲಿ ಯಾರು 'ಇವಳಿಗೆ ಇದು ಬರುವುದಿಲ್ಲ' ಎಂದುಬಿಡುತ್ತಾರೋ ಎಂಬ ಅಳುಕು ಅವಳನ್ನು ಬಿಟ್ಟಿರಲಿಲ್ಲ.

ಆ ಠಾಣೆಗೆ ಬರಹದಲ್ಲಿಲ್ಲದ ಒಂದು ಪದ್ಧತಿ ಇತ್ತು. ತಪಾಸಕರ ನೆಂಟರ ಗಾಡಿ ಬಂದರೆ, ಆ ತಪಾಸಕರು ಗಾಡಿಗೆ ಬೆನ್ನು ಮಾಡಿ ಕೂರಬೇಕು. ಮುಟ್ಟಬಾರದು, ತಿರುಗಿ ನೋಡಲೂಬಾರದು. ಇನ್ನೊಬ್ಬರು ತೂಗಿ ಅಂಕಿ ಕೂಗಿ ಹೇಳುತ್ತಾರೆ, ಇವರು ಬರೆದುಕೊಳ್ಳುತ್ತಾರೆ, ಅಷ್ಟೇ. ಹಿಂದೊಮ್ಮೆ ಯಾರೋ ಕಣ್ಸನ್ನೆ ಮಾಡಿ ಚಿಕ್ಕಪ್ಪನ ಗಾಡಿ ಬಿಟ್ಟರೆಂದು ಗಲಾಟೆಯಾಗಿ, ಆಮೇಲೆ ಬಂದ ಪದ್ಧತಿ. ರಸ್ತೆಯ ಆಚೆ ಟೀ ಅಂಗಡಿಯಲ್ಲಿ ಸರದಿ ಕಾಯುವ ಚಾಲಕರೆಲ್ಲ ಕೂತಿರುತ್ತಿದ್ದರು. ಬೆನ್ನು ಮಾಡಿ ಕೂತದ್ದು ಅವರಿಗೆ ಕಾಣಬೇಕು, ಅದೇ ಮುಖ್ಯ.

ಆ ಮಧ್ಯಾಹ್ನ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಗಾಳಿ ಎಂಬುದೇ ಇರಲಿಲ್ಲ. ಲಾರಿಗಳ ಸಾಲು ಉದ್ದಕ್ಕೆ ನಿಂತಿತ್ತು. ತಕ್ಕಡಿಯಮ್ಮನ ಜೊತೆಗಿದ್ದದ್ದು ಸಹಾಯಕ ಒಬ್ಬನೇ. ಅವನಿಗಿನ್ನು ಕೆಲಸದಲ್ಲಿ ಹೆಚ್ಚು ದಿನ ಉಳಿದಿರಲಿಲ್ಲ. ಮಳೆ ಇರಲಿ ಬಿಸಿಲಿರಲಿ ಕೊಡೆ ಬಿಡದವನಾದ್ದರಿಂದ ಅವನಿಗೆ ಛತ್ರಿ ಎಂದೇ ಹೆಸರು.

"ಮೇಡಂ," ಛತ್ರಿ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದ. "ಮುಂದಿನದು ನಿಮ್ಮ ಭಾವನೋರ ಗಾಡಿ."

ಅವಳು ತಲೆಯೆತ್ತಿ ನೋಡಲಿಲ್ಲ. ಕುರ್ಚಿಯನ್ನು ಎತ್ತಿ, ಗೋಡೆಯ ಕಡೆ ತಿರುಗಿಸಿ ಕೂತಳು. ಎದುರಿಗೆ ಸುಣ್ಣ ಉದುರಿದ ಗೋಡೆ, ಅದಕ್ಕೊಂದು ಮೊಳೆ.

ಭಾವ ಎಂದರೆ ಅವಳ ಅಕ್ಕನ ಗಂಡ. ಅವಳಿಗೆ ಎರಡು ಜಡೆ ಹಾಕುವ ವಯಸ್ಸಿರುವಾಗ ಮನೆಗೆ ಅಳಿಯನಾಗಿ ಬಂದವರು. ಸಂಜೆ ತರಗತಿ ಮುಗಿಯುವ ಹೊತ್ತಿಗೆ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿಕೊಂಡು, "ಬಾ ಪುಟ್ಟಿ, ಇವತ್ತು ಎಷ್ಟು ಬುದ್ಧಿ ತುಂಬಿದ್ರು, ಸೈಕಲ್ ತಡೆಯುತ್ತಾ?" ಎಂದು ರೇಗಿಸುತ್ತಿದ್ದವರು. ಜೀಪು ಓಡಿಸುವುದನ್ನು ಕಲಿಸಿದ್ದೂ ಅವರೇ. ಸಾಮಾನ್ಯವಾಗಿ ಅವರು ಈ ದಾರಿಗೆ ಬರುತ್ತಿರಲಿಲ್ಲ. ನಾದಿನಿಯನ್ನು ಕಷ್ಟಕ್ಕೆ ಸಿಕ್ಕಿಸುವುದೇಕೆ ಎಂದು ಸುತ್ತಿನ ದಾರಿ ಹಿಡಿಯುತ್ತಿದ್ದರು. ಆ ವಾರ ಸುತ್ತಿನ ದಾರಿಯಲ್ಲಿ ಸೇತುವೆ ದುರಸ್ತಿ ನಡೆದಿತ್ತು.

ಲಾರಿ ಹಲಗೆಯ ಮೇಲೆ ಹತ್ತುವ ಸದ್ದು ಬೆನ್ನ ಹಿಂದೆ ಕೇಳಿಸಿತು. ಛತ್ರಿ ಒಂದೊಂದೇ ಅಚ್ಚಿನ ತೂಕ ಕೂಗಿದ, ಅವಳು ಬರೆದಳು. ಕೂಡಿಸಿದಾಗ ಮಿತಿ ದಾಟಿತ್ತು. ಅಲ್ಪಸ್ವಲ್ಪವಲ್ಲ, ಚೆನ್ನಾಗಿಯೇ ದಾಟಿತ್ತು.

"ಏನು ಸರಕು?" ಗೋಡೆಯನ್ನು ಕೇಳಿದಳು.

"ಚಪ್ಪಡಿ ಕಲ್ಲು. ನೆಲಕ್ಕೆ ಹಾಸೋದು," ಛತ್ರಿ ಹೇಳಿದ.

"ಇಳಿಸಿ."

"ಏನ್ ಪುಟ್ಟಿ, ಮುಖ ತೋರಿಸಲ್ವಾ?" ಭಾವನ ದನಿ ದೂರದಿಂದ ಬಂತು. ನಗು ಇತ್ತು ಅದರಲ್ಲಿ. "ಕಾರ್ಖಾನೆಯವನು ಇರ್ಲಿ ಇರ್ಲಿ ಅಂತ ಮೇಲೆ ಹೇರಿಬಿಟ್ಟ. ನಾನೇನು ಮಾಡ್ಲಿ."

"ಸಾಲಿನಲ್ಲಿ ಮಾತು ಬೇಡ ಚಾಲಕರೇ," ಅವಳು ಗೋಡೆಗೇ ಹೇಳಿದಳು.

ಟೀ ಅಂಗಡಿಯ ಕಡೆಯಿಂದ ಯಾರೋ, "ಗೋಡೆಗೆ ಪಾಠ ಹೇಳ್ತಿದಾರೆ ನೋಡ್ರೋ" ಎಂದರು. ನಾಲ್ಕಾರು ಜನ ನಕ್ಕರು.

ಚಪ್ಪಡಿಗಳನ್ನು ಲಾರಿಯಲ್ಲಿ ಮಲಗಿಸಿ ಒಯ್ಯುವುದಿಲ್ಲ. ನಡುವೆ ಗುಡಾರದ ಆಕಾರದ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಅದರ ಎರಡೂ ಮಗ್ಗುಲಿಗೆ, ಪುಸ್ತಕ ಒರಗಿಸಿಟ್ಟ ಹಾಗೆ ಒರಗಿಸಿ ಪಟ್ಟಿ ಬಿಗಿಯುತ್ತಾರೆ. ಒಂದು ಮಗ್ಗುಲು ರಸ್ತೆಯ ಕಡೆ, ಇನ್ನೊಂದು ಚರಂಡಿಯ ಕಡೆ. ಠಾಣೆಯಲ್ಲಿ ಇಳಿಸುವುದೇನಿದ್ದರೂ ಚರಂಡಿಯ ಕಡೆಯಿಂದಲೇ. ರಸ್ತೆಯ ಕಡೆ ಗಾಡಿಗಳು ಓಡಾಡುತ್ತಿರುತ್ತವೆ, ಹಮಾಲರ ಜೀವಕ್ಕೆ ಅಪಾಯ ಎಂದು ಅದಕ್ಕೂ ನಿಯಮ. ಅಕ್ಕಿಯೋ ಸಿಮೆಂಟೋ ಆದರೆ ಯಾವ ಕಡೆಯಿಂದ ಇಳಿಸಿದರೇನು. ಕಲ್ಲಿನ ಗಾಡಿ ಬಂದಾಗ, ಎರಡೂ ಮಗ್ಗುಲಿನ ಭಾರ ಸಮನಾಗಿರಲೆಂದು, ತಕ್ಕಡಿಯಮ್ಮ ತಾನೇ ಎದುರು ನಿಂತು, ಅರ್ಧ ಇಳಿಸಿದ ಮೇಲೆ ಗಾಡಿಯನ್ನು ತಿರುಗಿಸಿ ನಿಲ್ಲಿಸಿ, ಉಳಿದದ್ದನ್ನು ಇನ್ನೊಂದು ಮಗ್ಗುಲಿನಿಂದ ಇಳಿಸುತ್ತಿದ್ದಳು.

ಈಗ ಅವಳ ಮುಂದೆ ಇದ್ದದ್ದು ಗೋಡೆ ಮತ್ತು ಮೊಳೆ. ಸದ್ದುಗಳು ಮಾತ್ರ ಬರುತ್ತಿದ್ದವು. ಪಟ್ಟಿ ಸಡಿಲಿಸಿದ ಸದ್ದು. ಹಾರೆ ಹಾಕಿದ ಸದ್ದು. ಕಲ್ಲು ಕಲ್ಲಿಗೆ ಉಜ್ಜಿ ಹಲ್ಲು ಜುಮ್ಮೆನ್ನಿಸುವ ಸದ್ದು. ಹಮಾಲರ ಏದುಸಿರು, "ಹಿಡಿ, ಬಿಡಬೇಡ, ಬಿಡಬೇಡ" ಎನ್ನುವ ಮಾತು. ಒಂದು ಚಪ್ಪಡಿ ನೆಲ ಮುಟ್ಟಿದಾಗಲೆಲ್ಲ ಮೇಜಿನ ಕಾಲು ಅದುರುತ್ತಿತ್ತು. ಆ ನಡುವೆ ಇನ್ನೊಂದು ಸದ್ದೂ ಬಂತು: ಲಾರಿಯ ಅಡಿಯ ಪಟ್ಟಿ ಸ್ಪ್ರಿಂಗು, ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ, ಕಿರ್ರೆಂದು ನಿಧಾನವಾಗಿ ನರಳಿತು. ಒಂದೇ ಕಡೆ. ಅವಳ ಕತ್ತು ತಾನಾಗಿಯೇ ಹೊರಳಿತು.

"ತಿರುಗಬೇಡಿ ಮೇಡಂ," ಛತ್ರಿ ಹತ್ತಿರದಿಂದ ಪಿಸುಗುಟ್ಟಿದ. "ಟೀ ಅಂಗಡಿಯಲ್ಲಿ ಎಲ್ಲಾ ಇತ್ತಕಡೆನೇ ನೋಡ್ತಿದಾರೆ."

ಅವಳು ಮೊಳೆಯನ್ನು ನೋಡಿದಳು.

ಸ್ವಲ್ಪ ಹೊತ್ತಿಗೆ ಭಾವ ಛತ್ರಿಗೆ ಹೇಳುತ್ತಿದ್ದುದು ಕೇಳಿಸಿತು. ದನಿಯಲ್ಲಿ ಈಗ ನಗು ಇರಲಿಲ್ಲ. "ಮೇಡಂನ ಒಂದು ಮಾತು ಕೇಳಿ. ಗಾಡಿ ತಿರುಗಿಸಿ ನಿಲ್ಲಿಸ್ಲಾ ಅಂತ. ಆ ಮಗ್ಗುಲಿಂದಲೂ ಒಂದಷ್ಟು ತೆಗೆದು ಸರಿ ಮಾಡ್ಕೋತೀನಿ."

ಛತ್ರಿ ಬಂದು ಹೇಳಿದ. "ತಿರುಗಿಸ್ಲಾ ಅಂತ ಕೇಳ್ತಿದಾರೆ. ಹಿಂದೆ ಸಾಲು ನೋಡಿದ್ರೆ..."

ಗಾಡಿ ತಿರುಗಿಸುತ್ತೇನೆ ಎನ್ನುವುದು ಹಳೆಯ ಆಟ. ತಿರುಗಿಸುವ ನೆವದಲ್ಲಿ ಅಂಗಳದಿಂದ ಹೊರಬಿದ್ದು, ಹಿಂದಿನ ಮಣ್ಣುರಸ್ತೆ ಹಿಡಿದು ಮಾಯವಾದವರನ್ನು ಅವಳು ಕಂಡಿದ್ದಳು. ಭಾವ ಅಂಥವರಲ್ಲ, ಅದೂ ಅವಳಿಗೆ ಗೊತ್ತು. ಆದರೆ ಟೀ ಅಂಗಡಿಯವರಿಗೆ ಗೊತ್ತೇ? ಬೇರೆಯವನು ಕೇಳಿದ್ದರೆ ಎದ್ದು ಹೋಗಿ ನೋಡಿ ಹೂಂ ಅನ್ನುತ್ತಿದ್ದಳೋ ಏನೋ. ಕೇಳಿದ್ದು ನೆಂಟರು. ನೆಂಟರು ಏನು ಕೇಳಿದರೂ ಅದು ರಿಯಾಯಿತಿಯ ಹಾಗೇ ಅವಳ ಕಿವಿಗೆ ಬಿತ್ತು.

"ಬೇಡ. ಮತ್ತೆ ತೂಗಿ. ತೂಕ ಸರಿ ಇದ್ರೆ ಹೊರಡಲಿ."

ಛತ್ರಿ ತೂಗಿ ಅಂಕಿ ಕೂಗಿದ. ಮಿತಿಯೊಳಗೆ ಬಂದಿತ್ತು. ಅವಳು ಚೀಟಿ ಬರೆದು ಸಹಿ ಹಾಕಿ, ತಿರುಗದೆ, ಭುಜದ ಮೇಲಿನಿಂದ ಕೈ ಹಿಂದಕ್ಕೆ ಚಾಚಿದಳು. ಚೀಟಿ ತೆಗೆದುಕೊಂಡ ಕೈಯಲ್ಲಿ ಕಲ್ಲಿನ ಪುಡಿ ಇತ್ತು. ಅದರ ತರಿ ಅವಳ ಬೆರಳಿಗೆ ತಾಗಿತು.

"ಬರ್ತೀನಿ ಮೇಡಂ," ಭಾವ ಅಂದರು. ಪುಟ್ಟಿ ಅನ್ನಲಿಲ್ಲ. "ಭಾನುವಾರ ಊಟಕ್ಕೆ ಬರಬೇಕಂತೆ, ನಿಮ್ಮಕ್ಕ ಹೇಳಿದಾಳೆ. ಅಲ್ಲೂ ಗೋಡೆ ಕಡೆ ತಿರುಗಿ ಕೂರ್ತೀರಾ, ಇಲ್ಲ ನಮ್ಮ ಮುಖ ನೋಡ್ತೀರಾ?"

ಅವಳಿಗೆ ನಗು ಬಂತು. ನಗಲಿಲ್ಲ. ಎಂಜಿನ್ ಗುಡುಗಿತು, ದೂರವಾಯಿತು, ಇಳಿಜಾರಿನ ಕಡೆಗೆ ಹೊರಳಿದಾಗ ಅದರ ದನಿ ಬದಲಾಯಿತು.

ಕುರ್ಚಿ ತಿರುಗಿಸಿಕೊಂಡಾಗ ಅವಳಿಗೆ ಮೊದಲು ಕಂಡದ್ದು ಇಳಿಸಿಟ್ಟ ಕಲ್ಲುಗಳು. ಅಂಗಳದ ಅಂಚಿನಲ್ಲಿ, ಚರಂಡಿಯ ಕಡೆ, ಬೇಲಿಗೆ ಒರಗಿಸಿ ಇಟ್ಟಿದ್ದರು. ಅವಳು ಅಂದುಕೊಂಡಿದ್ದಕ್ಕಿಂತ ಅವು ಬಹಳ ಇದ್ದವು. ಒಂದು ಮಗ್ಗುಲಿನ ಸಾಲಿಗೆ ಸಾಲೇ ಬಂದ ಹಾಗಿತ್ತು.

"ಇದೆಲ್ಲಾ ಒಂದೇ ಕಡೆಯಿಂದ ತೆಗೆದದ್ದಾ?"

"ಇನ್ನೆಲ್ಲಿಂದ ತೆಗೀತಾರೆ ಮೇಡಂ? ನೀವೇ ತಿರುಗಿಸೋದು ಬೇಡ ಅಂದ್ರಲ್ಲ."

ತೂಕದ ಪೆಟ್ಟಿಗೆಯನ್ನು ಇನ್ನೂ ಆರಿಸಿರಲಿಲ್ಲ. ಪರದೆಯ ಮೇಲೆ ಕೊನೆಯ ಅಚ್ಚಿನ ಮೊತ್ತ ದೊಡ್ಡದಾಗಿ ಇತ್ತು. ಛತ್ರಿ ಕೂಗಿದ್ದು ಅದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಕಡೆಯ ಚಕ್ರಗಳ ತೂಕ ಬೇರೆಬೇರೆ. ಸಾಮಾನ್ಯವಾಗಿ ಆ ಎರಡು ಅಂಕಿಗಳು ಅವಳಿಜವಳಿಯ ಹಾಗಿರುತ್ತವೆ. ಈಗ ಒಂದು ಇನ್ನೊಂದರ ಎರಡರಷ್ಟನ್ನೂ ಮೀರಿತ್ತು.

ಅವಳು ಅದನ್ನೇ ನೋಡುತ್ತಾ ನಿಂತಳು.

"ಮೊತ್ತ ಸರಿ ಇತ್ತಲ್ಲ ಮೇಡಂ," ಛತ್ರಿಯ ದನಿ ಸಣ್ಣದಾಗಿತ್ತು. "ಚೀಟಿಗೆ ಬೇಕಾಗಿರೋದು ಮೊತ್ತ ತಾನೇ."

"ಜೀಪಿನ ಕೀಲಿ ಕೊಡಿ."

ಭಾವನಿಗೆ ಫೋನು ಮಾಡಿದಳು. ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಎತ್ತುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ಗಾಡಿ ಓಡಿಸುತ್ತಾ ಫೋನಿನಲ್ಲಿ ಮಾತಾಡಿದ್ದಕ್ಕೆ ಅವಳೇ ಭಾವನ ಲೈಸೆನ್ಸು ಕೆಲಕಾಲ ಅಮಾನತು ಮಾಡಿಸಿದ್ದಳು. ಅಂದಿನಿಂದ ಅವರು ಗಾಡಿ ಹತ್ತಿದರೆ ಫೋನನ್ನು ಬುತ್ತಿಯ ಚೀಲಕ್ಕೆ ಹಾಕಿ ಸೀಟಿನ ಹಿಂದೆ ಎಸೆಯುತ್ತಿದ್ದರು. ಅಕ್ಕ ಆಗ ತಿಂಗಳುಗಟ್ಟಲೆ ತಂಗಿಯ ಹತ್ತಿರ ಮಾತು ಬಿಟ್ಟಿದ್ದಳು.

ಜೀಪು ಇಳಿಜಾರಿಗೆ ಬಿತ್ತು. ಪಕ್ಕದಲ್ಲಿ ಛತ್ರಿ, ಮೊಣಕಾಲ ನಡುವೆ ಕೊಡೆ. ಇಳಿಜಾರಿನ ಬುಡದ ಸೇತುವೆಯ ಹತ್ತಿರವಿದ್ದ ಠಾಣೆಗೆ ಫೋನಿನಲ್ಲಿ ಹೇಳುತ್ತಿದ್ದ: "ಕಲ್ಲಿನ ಗಾಡಿ... ಹೌದು, ನಿಲ್ಲಿಸ್ಬೇಕು... ಅಲ್ಲಿಗೆ ಬಂದ್ರೆ ನಿಲ್ಲಿಸಿ ಅಂತಿದೀನಿ." ಬಂದ್ರೆ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಅವನು ಫೋನು ಕೆಳಗಿಟ್ಟ.

ಮೊದಲ ತಿರುವಿನಲ್ಲಿ ರಸ್ತೆಯ ನಡುವೆ ಕಲ್ಲಿನ ಪುಡಿ ಬಿಳಿ ಗೆರೆಯ ಹಾಗೆ ಬಿದ್ದಿತ್ತು. ಎರಡು ತಿರುವು ಇಳಿದ ಮೇಲೆ ಲಾರಿ ಕಣ್ಣಿಗೆ ಬಿತ್ತು.

ಅದು ನಿಧಾನವಾಗಿಯೇ ಹೋಗುತ್ತಿತ್ತು. ಗುಟ್ಟು ಹೇಳುವವರ ಕಡೆ ಕಿವಿಯೊಡ್ಡಿದ ಹಾಗೆ ರಸ್ತೆಯ ಕಡೆಗೆ ವಾಲಿತ್ತು. ರಸ್ತೆಯ ಕಡೆಗೆ ಬಾಗಿದ ತಿರುವುಗಳಲ್ಲಿ ಅದು ನೆಟ್ಟಗಾಗುತ್ತಿತ್ತು. ನೋಡಿದವರು ಏನೂ ಆಗಿಲ್ಲ ಅಂದುಕೊಳ್ಳಬೇಕು. ಚರಂಡಿಯ ಕಡೆಗೆ ಬಾಗಿದ ತಿರುವು ಬಂದಾಗ ಮಾತ್ರ ಇಡೀ ಮೈ ಹೊರಗಡೆಗೆ ಹೊರಳಿ, ಚರಂಡಿಯ ಕಡೆಯ ಹಿಂದಿನ ಚಕ್ರಗಳು ನೆಲದ ಮೇಲೆ ಇವೆಯೋ ಇಲ್ಲವೋ ಅನ್ನುವ ಹಾಗಾಗಿ, ಮತ್ತೆ ಹೇಗೋ ಸಾವರಿಸಿಕೊಳ್ಳುತ್ತಿತ್ತು.

"ಅವರಿಗೆ ಗೊತ್ತಾಗಿದೆ," ಅವಳು ಹೇಳಿದಳು. "ಅದಕ್ಕೇ ಇಷ್ಟು ಮೆಲ್ಲಗೆ ಹೋಗ್ತಿದಾರೆ. ನಿಲ್ಲಿಸೋಕೆ ಜಾಗ ನೋಡ್ತಿದಾರೆ."

"ಪಕ್ಕಕ್ಕೆ ಹೋಗಿ ಕೈ ತೋರಿಸೋಣ್ವಾ?"

"ಪಕ್ಕ ಅಂದ್ರೆ ಆ ಕಡೆ. ವಾಲಿರೋದೂ ಆ ಕಡೆಗೇ."

ಛತ್ರಿ ಕೊಡೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದ. "ಸೈರನ್ ಹಾಕಿ ಮತ್ತೆ."

"ಗಾಬರಿಯಾಗಿ ಬ್ರೇಕ್ ಒತ್ತಿದ್ರೆ?"

"ಹಾಕದೇ ಇದ್ರೆ?"

ಭಾವನಿಗೆ ಕನ್ನಡಿಯಲ್ಲಿ ಜೀಪು ಕಂಡಿರಬೇಕು. ಕಂಡರೆ ಏನೆಂದುಕೊಳ್ಳುತ್ತಾರೆ? ಅಂಗಳದಲ್ಲಿ ಅಷ್ಟು ಮಾಡಿದ್ದು ಸಾಲದು ಅಂತ ಹಿಂದೆ ಬಿದ್ದಿದ್ದಾಳೆ, ಮತ್ತೇನು ತಪ್ಪು ಹಿಡಿಯುತ್ತಾಳೋ ಎಂದುಕೊಂಡು ಅವಸರ ಮಾಡಿದರೆ? ಕಾಪಾಡಲು ಬಂದವಳು ಎಂದು ತಿಳಿಯುವ ಹಾಗೆ ಅವಳು ಅವರ ಹತ್ತಿರ ಯಾವತ್ತು ನಡೆದುಕೊಂಡಿದ್ದಾಳೆ?

ಡೇರಿ ತಿರುವಿಗೆ ಮುಂಚೆ ರಸ್ತೆ ಸ್ವಲ್ಪ ನೇರವಾಗುತ್ತದೆ. ಹಿಂದೆ ಅಲ್ಲಿ ಹಾಲಿನ ಡೇರಿ ಇತ್ತು; ಈಗ ಮುರಿದ ಗೋಡೆ ಮತ್ತು ಗಾಡಿ ನಿಲ್ಲಿಸುವಷ್ಟು ಅಗಲದ ಗಟ್ಟಿ ನೆಲ. ನಿಲ್ಲುವುದಾದರೆ ಅಲ್ಲೇ ನಿಲ್ಲಬೇಕು. ಅದನ್ನು ದಾಟಿದರೆ ಸೇತುವೆಯ ಮುಂಚಿನ ಕೊನೆಯ ತಿರುವು, ಎಲ್ಲಕ್ಕಿಂತ ಬಿಗಿಯಾದದ್ದು, ಚರಂಡಿಯ ಕಡೆಗೆ ಬಾಗಿದ್ದು.

ನೇರ ರಸ್ತೆ ಬಂತು. ಲಾರಿ ನಿಧಾನವಾಯಿತು. ಅವರು ಡೇರಿಯ ಕಡೆ ನೋಡುತ್ತಿದ್ದಾರೆ, ಒಳಗೆ ತಿರುಗಿಸುತ್ತಾರೆ ಎಂದು ಅವಳಿಗೆ ಅನ್ನಿಸಿತು. ತಿರುಗುವ ಸೂಚನೆಯ ದೀಪ ಮಾತ್ರ ಹೊತ್ತಲಿಲ್ಲ. ಡೇರಿಯ ಗೋಡೆ ಹತ್ತಿರ ಬರುತ್ತಿತ್ತು.

ಅವಳು ಸೈರನ್ ಹಾಕಲಿಲ್ಲ. ಜೀಪಿನ ನೆತ್ತಿಯ ಕೆಂಪು ದೀಪ ಹಾಕಿದಳು.

ಲಾರಿಯ ಹಿಂದೆ ಬ್ರೇಕಿನ ದೀಪ ಹೊತ್ತಿತು. ಗಾಡಿ ಡೇರಿಯ ಅಂಗಳಕ್ಕೆ ತಿರುಗಲಿಲ್ಲ. ದೀಪ ಆರಿತು. ಮತ್ತೆ ಹೊತ್ತಿತು. ಆ ಹೊತ್ತಿಗೆ ಅದು ತಿರುವಿನೊಳಗೆ ಇತ್ತು.

ಅದು ಬೀಳುವಾಗ ಅವಸರ ಮಾಡಲಿಲ್ಲ. ಬಹಳ ದಣಿದವರು ಗೋಡೆ ಹಿಡಿದು ಕೂರುತ್ತಾರಲ್ಲ, ಹಾಗೆ. ಮೊದಲು ಪಟ್ಟಿ ಹರಿದ ಸದ್ದು. ಆಮೇಲೆ ಚಪ್ಪಡಿಗಳು ಒಂದರ ಮೇಲೊಂದು ಜಾರುವ ಸದ್ದು. ಅದು ನಿಂತಿತು ಅನ್ನುವಷ್ಟರಲ್ಲಿ ಇನ್ನೊಂದು ಜಾರುತ್ತಿತ್ತು. ಎದುರಿನಿಂದ ಗಾಡಿ ಯಾವುದೂ ಬರುತ್ತಿರಲಿಲ್ಲ. ಸೈಕಲ್ ತಳ್ಳಿಕೊಂಡು ಏರು ಹತ್ತುತ್ತಿದ್ದ ಒಬ್ಬ ಮುದುಕ ದೂರದಲ್ಲಿ ನಿಂತು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದ. ಅವನ ಸೈಕಲ್ ಬಿದ್ದಿತ್ತು.

ಧೂಳಿನೊಳಗಿಂದ ಭಾವನನ್ನು ಹೊರಗೆ ತೆಗೆದದ್ದು ಸೇತುವೆಯ ಠಾಣೆಯವರು. ಅವರು ಬರುವ ತನಕ ತಕ್ಕಡಿಯಮ್ಮ ಮುರಿದ ಕಿಟಕಿಯ ಹತ್ತಿರ ಮಂಡಿಯೂರಿ, "ಭಾವ, ನಾನು ಪುಟ್ಟಿ. ಭಾವ, ನಾನು ಪುಟ್ಟಿ" ಎನ್ನುತ್ತಲೇ ಇದ್ದಳಂತೆ. ಛತ್ರಿ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದ. ಬೇರೆ ಏನು ಮಾಡಬೇಕೆಂದು ಅವನಿಗೆ ತೋಚಿರಲಿಲ್ಲ.

ಜೀವ ಉಳಿಯಿತು. ಸೊಂಟದ ಕೆಳಗೆ ಸ್ವಾಧೀನ ಉಳಿದದ್ದು ಸ್ವಲ್ಪ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ತಂಗಿ ಬಂದು ಪಕ್ಕದಲ್ಲಿ ಕೂತಳು, ಸ್ವಲ್ಪ ಜಾಗ ಬಿಟ್ಟು.

"ನೀನೇ ಹಿಂದೆ ಇದ್ಯಂತೆ," ಅಕ್ಕ ಅಂದಳು.

"ಇದ್ದೆ."

"ಏನ್ ನೋಡ್ದೆ?"

ಅವಳು ಹೇಳಿದಳು. ಗೋಡೆಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ನಡುವೆ ನರ್ಸು ಬಂದು ಕಾಲು ಎತ್ತಿಕೊಳ್ಳಿ ಎಂದಾಗ ಇಬ್ಬರೂ ಕಾಲು ಎತ್ತಿ, ಗಾಲಿಮಂಚ ದಾಟಿದ ಮೇಲೆ ಮತ್ತೆ ಕೆಳಗಿಟ್ಟರು.

"ತಿರುಗಿಸ್ಲಾ ಅಂತ ಅವರು ಕೇಳಿದ್ರು?"

"ಕೇಳಿದ್ರು."

"ನೀನು ಬೇಡ ಅಂದೆ."

"ಅಂದೆ ಅಕ್ಕ."

ಅಕ್ಕ ಪಕ್ಕದಲ್ಲಿದ್ದ ಖಾಲಿ ಫ್ಲಾಸ್ಕನ್ನು ತಂಗಿಯ ಕಡೆ ತಳ್ಳಿದಳು. "ತೊಳ್ಕೊಂಡು ಬಾ. ಎದ್ದಾಗ ಬಿಸಿನೀರು ಬೇಕಾಗುತ್ತೆ." ತಂಗಿ ಎದ್ದು ನಿಂತ ಮೇಲೆ, ಮುಖ ನೋಡದೆ ಹೇಳಿದಳು, "ಅಳೋದಾದ್ರೆ ಅಲ್ಲೇ ಅತ್ಕೊಂಡು ಬಾ. ಇಲ್ಲಿ ಬೇಡ."

ವಿಚಾರಣೆ ನಡೆಯಿತು. ಮೇಲಿನ ಕಚೇರಿಯಿಂದ ಬಂದ ಅಧಿಕಾರಿ ಚೀಟಿ ನೋಡಿದರು. ತೂಕ ಮಿತಿಯೊಳಗೆ, ಇಳಿಸಿದ್ದು ನಿಯಮದ ಕಡೆಯಿಂದ, ನೆಂಟರ ವಿಷಯದಲ್ಲಿ ಪದ್ಧತಿಯ ಪಾಲನೆ. ಚಾಲಕ ಗಾಡಿ ತಿರುಗಿಸಲು ಕೇಳಿದ್ದರು, ನಾನು ಬೇಡ ಅಂದೆ ಎಂದು ಅವಳು ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದನ್ನ ಯಾರು ಕೇಳಿದ್ರಮ್ಮ ನಿಮ್ಮನ್ನ?" ಎಂದರು. ಬೈದದ್ದಲ್ಲ, ಕನಿಕರದಿಂದಲೇ. ಇಲಾಖೆಯ ತಪ್ಪಿಲ್ಲ ಎಂದು ತೀರ್ಮಾನವಾಯಿತು. ಅವಳು ಈಗಲೂ ಅದೇ ಠಾಣೆಯಲ್ಲಿದ್ದಾಳೆ. ಲಾರಿಯ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ಎಷ್ಟು ಹೊತ್ತು ನೋಡುತ್ತಾಳೆಂದರೆ, ಸಾಲಿನವರು ಹಾರನ್ ಹೊಡೆಯುತ್ತಾರೆ. ಮೊದಲಿನ ಹಾಗೆ ತಮಾಷೆ ಮಾಡುವುದಿಲ್ಲ.

ಭಾವನಿಗೆ ಆ ಮಧ್ಯಾಹ್ನದ್ದು ಏನೂ ನೆನಪಿಲ್ಲ. ಕಾರ್ಖಾನೆಯಲ್ಲಿ ಕಲ್ಲು ಹೇರಿದ್ದು ನೆನಪಿದೆ. ಆಮೇಲೆ ಆಸ್ಪತ್ರೆಯ ಸೂರು. "ಏನಾಯ್ತು ಪುಟ್ಟಿ, ನೀನು ನೋಡ್ದೆಯಲ್ಲ, ಹೇಳು" ಎಂದು ಅವರು ಕೇಳುತ್ತಾರೆ. ಹೇಳುತ್ತಾಳೆ. ಇನ್ನೊಂದು ವಾರಕ್ಕೆ ಮತ್ತೆ ಕೇಳುತ್ತಾರೆ.

ಡೇರಿಯ ಅಂಗಳದಲ್ಲಿ ನಿಲ್ಲಿಸಬೇಕೆಂದೇ ಅವರು ನಿಧಾನ ಮಾಡಿದ್ದರೇ, ಕೆಂಪು ದೀಪ ಕಂಡು ಮನಸ್ಸು ಬದಲಿಸಿ ಮುಂದಕ್ಕೆ ಹೋದರೇ, ಅಥವಾ ದೀಪವನ್ನು ನೋಡಲೇ ಇಲ್ಲವೇ, ಗೊತ್ತಿಲ್ಲ. ಜೀಪಿನ ದೀಪ ಮೊದಲು ಹೊತ್ತಿತು ಎಂದು ಛತ್ರಿ ವಿಚಾರಣೆಯಲ್ಲಿ ಹೇಳಿದ್ದ. ಬ್ರೇಕು ಮೊದಲು ಎಂದು ಮುದುಕ ಹೇಳಿದನಂತೆ. ಅವನು ಎದುರುಗಡೆ ಇದ್ದವನು, ಹಿಂದಿನ ದೀಪ ಅವನಿಗೆ ಹೇಗೆ ಕಂಡಿತೋ. ಅವಳಿಗೂ ಗೊತ್ತಿಲ್ಲ. ಇದನ್ನು ಬರೆದವರಿಗೂ ಗೊತ್ತಿಲ್ಲ.